ಊತ ಇದೆ, ನೋವಿಲ್ಲ

ಅವನು ಕೆಲಸ ಮಾಡುವ ಕಟ್ಟಡದ ಎರಡನೇ ಮಹಡಿಯಲ್ಲಿ ಎದುರುಬದುರಾಗಿ ಎರಡು ಕೋಣೆಗಳು. ಒಂದರಲ್ಲಿ ಇಲಿಗಳಿಗೆ ಊತ ಬರಿಸಿ ಇಳಿಸುತ್ತಾರೆ, ಇನ್ನೊಂದರಲ್ಲಿ ನೋವು ಕೊಟ್ಟು ಕಳೆಯುತ್ತಾರೆ. ಎರಡಕ್ಕೂ ಬೇಕಾದ ಮದ್ದು ಮೂಲೆಯ ಮೂರನೇ ಕೋಣೆಯಿಂದ ಬರುತ್ತದೆ. ಅಲ್ಲಿ ತೊಗಟೆ, ಬೇರು, ಎಲೆಗಳನ್ನು ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಒಳಗಿರುವ ಸತ್ವವನ್ನು ಹೊರಗೆ ತೆಗೆಯುತ್ತಾರೆ. ಆ ಬಾಗಿಲ ಮೇಲೆ ‘ಸಸ್ಯ ಸತ್ವ ವಿಭಾಗ’ ಎಂದು ಬರೆಯಬೇಕಿದ್ದ ಬಣ್ಣದವನು ಒತ್ತಕ್ಷರದಲ್ಲಿ ಎಡವಿ ‘ಸಸ್ಯ ಸತ್ತ ವಿಭಾಗ’ ಎಂದು ಬರೆದು ಹೋಗಿ ಹದಿನೆಂಟು ವರ್ಷವಾಯಿತು. ಯಾರೂ ತಿದ್ದಿಸಿಲ್ಲ. ಗಿಡ ಸತ್ತ ಮೇಲೇ ಅಲ್ಲವೇ ಸತ್ವ ಸಿಗುವುದು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಊತದ ಕೋಣೆಯಲ್ಲಿರುವವನೇ ಈ ಕಥೆಯವನು. ನೋವಿನ ಕೋಣೆಯಲ್ಲಿ ಅವನ ಗೆಳೆಯ. ಹೆಸರು ಹಿಡಿದು ಕರೆಯುವ ಅಭ್ಯಾಸ ಆ ಮಹಡಿಯಲ್ಲಿ ಎಂದೋ ತಪ್ಪಿಹೋಗಿ, ಇವನು ಊತ, ಅವನು ನೋವು ಎಂದೇ ಆಗಿದೆ. ವಿಚಿತ್ರವೆಂದರೆ ಊತ ಕಡ್ಡಿಯ ಹಾಗಿದ್ದಾನೆ. ನೋವು ಗುಂಡಗೆ, ಸದಾ ಹಲ್ಲು ಕಿಸಿದುಕೊಂಡು ಓಡಾಡುತ್ತಾನೆ. ಕೆಳಗಿನಿಂದ ಯಾರಾದರೂ ಫೋನ್ ಮಾಡಿ ನೋವು ಇದ್ದಾರಾ ಎಂದು ಕೇಳಿದರೆ ಇವನು ಮುಖ ಸಡಿಲಿಸದೆ, “ನೋವಿಲ್ಲ, ಊತ ಇದೆ, ಹೇಳಿ” ಎನ್ನುತ್ತಾನೆ. ಇವನು ಇಲ್ಲದಿದ್ದರೆ ಅವನು, “ಊತ ಊಟಕ್ಕೆ ಹೋಗಿದೆ” ಎನ್ನುತ್ತಾನೆ. ಇಪ್ಪತ್ತೆರಡು ವರ್ಷದಿಂದ ಇದೇ ಜೋಕು. ಹಳಸಿದರೂ ಎಸೆಯಲು ಮನಸ್ಸು ಬಾರದ ಜೋಕು.

ಊತದ ಕೆಲಸ ಹೀಗೆ. ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಇಲಿಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟು ತೂಗಬೇಕು. ಹಿಂಗಾಲಿನ ಗೆಣ್ಣಿನ ಮೇಲೆ ಮಸಿ ಪೆನ್ನಿನಿಂದ ಸುತ್ತ ಒಂದು ಗೆರೆ ಎಳೆಯಬೇಕು. ಆ ಗೆರೆಯವರೆಗೆ ಕಾಲನ್ನು ನೀರಿನ ಕೊಳವೆಯಲ್ಲಿ ಅದ್ದಿ, ನೀರು ಎಷ್ಟು ಮೇಲೇರಿತು ಎಂದು ನೋಡಿ ಬರೆಯಬೇಕು. ಆಮೇಲೆ ಬಾಯಿಗೆ ಮದ್ದು, ಅಂಗಾಲಿಗೆ ಸೂಜಿ. ಸೂಜಿಯಲ್ಲಿರುವುದು ಕಡಲಪಾಚಿಯಿಂದ ತೆಗೆದ ಲೋಳೆ. ಅದೇ ಲೋಳೆಯನ್ನು ಐಸ್‌ಕ್ರೀಮ್ ಗಟ್ಟಿಯಾಗಲೆಂದೂ ಹಾಕುತ್ತಾರೆ; ನಾಲಿಗೆಗೆ ತಂಪು, ಕಾಲಿಗೆ ಉರಿ. ಊತ ಬರಿಸುವುದೂ ಸಸ್ಯವೇ, ಇಳಿಸಬೇಕಾದ್ದೂ ಸಸ್ಯವೇ. ಕಾಲು ಬಾತುಕೊಳ್ಳುತ್ತಾ ಹೋದಂತೆ ಗಂಟೆಗೊಮ್ಮೆ ಅದ್ದಿ ಅಳೆದು, ನಾಲ್ಕು ಗಂಟೆ ಮುಗಿದರೆ ಅಂದಿನ ಕೆಲಸ ಮುಗಿಯಿತು. ಗೋಡೆಯ ಮೇಲೆ ಹಿಂದಿನ ಪ್ರೊಫೆಸರರ ದಪ್ಪ ಅಕ್ಷರದಲ್ಲಿ ಮೂರು ಮಾತು: ತೂಗದೆ ಅಳೆಯಬೇಡ. ಗೆರೆ ಎಳೆಯದೆ ಅದ್ದಬೇಡ. ಒಂದು ಸಲಕ್ಕೆ ಒಂದೇ ಮದ್ದು.

ಬೇರೆಯವರು ಗುಡ್ಡ ಅಗೆದು ಇಲಿ ಹಿಡಿದರೆ ಇವರು ಇಲಿ ಹಿಡಿದುಕೊಂಡು ಗುಡ್ಡ ಅಗೆಯುವವರು. ಕಾಡಿನ ಮೂವತ್ತು ಮರಗಳನ್ನು ಅಗೆದದ್ದಾಗಿತ್ತು, ಒಂದೂ ಕೈಗೂಡಿರಲಿಲ್ಲ. ಆದರೂ ಇಲಿಯ ಕಾಲು ಹಿಡಿಯುವುದರಲ್ಲಿ ಅವನ ಕೈಗುಣ ದೊಡ್ಡದು. ಬೇರೆಯವರ ಕೈಯಲ್ಲಿ ಕಚ್ಚುವ ಇಲಿ ಅವನ ಕೈಯಲ್ಲಿ ಸುಮ್ಮನಿರುತ್ತಿತ್ತು.

ಮನೆಯಲ್ಲಿದ್ದದ್ದು ಅವನು ಮತ್ತು ಅಕ್ಕ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಹೊರಗಿನಿಂದ ಮೆಟ್ಟಿಲು. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಹೋದಾಗ ಇವನಿಗೆ ಏಳು, ಅವಳಿಗೆ ಹದಿನಾರು. ಅಂದಿನಿಂದ ಅವಳೇ ತಾಯಿ. ಈಗ ಅವನಿಗೆ ನಲವತ್ತೊಂಬತ್ತಾದರೂ ಕರೆಯುವುದು ಪುಟ್ಟ ಎಂದೇ. ಅವಳ ಕಸುಬು ಕಾಜ ಹೊಲಿಯುವುದು, ಅಂದರೆ ಗುಂಡಿ ತೂರುವ ಸೀಳಿನ ಅಂಚನ್ನು ಕೈದಾರದಿಂದ ಬಿಗಿಯುವುದು. ಅಂಗಿಗಳ ಕಾಜವನ್ನು ಮೆಷಿನ್ನು ನುಂಗಿತು, ಕೋಟಿನದು ಉಳಿಯಿತು. ಮೂರು ಬೀದಿಯಾಚೆಗಿನ ಕೋಟಿನ ದರ್ಜಿ, ದರ್ಜಿಗಳಲ್ಲಿ ಮೊದಲ ದರ್ಜೆಯವನು, ಅವಳ ಕೈಯ ಕಾಜ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಗುಂಡಿಯನ್ನು ಯಾರು ಬೇಕಾದರೂ ಹೊಲಿಯುತ್ತಾರೆ, ತೂತು ಹೊಲಿಯುವುದಕ್ಕೆ ವಿದ್ಯೆ ಬೇಕು ಎಂದು ಅಕ್ಕ ಹೇಳುತ್ತಿದ್ದಳು. ತಮ್ಮ ಬಿ.ಎಸ್ಸಿ. ಮಾಡಿದ್ದು ಆ ತೂತುಗಳಿಂದಲೇ.

ಆ ಕೈಗೆ ಮೂರು ವರ್ಷದ ಹಿಂದೆ ಸಂಧಿವಾತ ಬಂತು. ಬೆಳಿಗ್ಗೆ ಎದ್ದರೆ ಹನ್ನೊಂದರವರೆಗೆ ಮುಷ್ಟಿ ಮಡಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿ, ಇದು ವಯಸ್ಸಿನ ಸವೆತವಲ್ಲ, ಮೈ ತನ್ನ ಕೀಲನ್ನು ತಾನೇ ತಿನ್ನುವ ಜಾತಿಯದು ಎಂದು ಹೇಳಿ ವಾರಕ್ಕೊಂದು ಮಾತ್ರೆ ಕೊಟ್ಟರು. ಅಕ್ಕ ಮನೆಗೆ ಬಂದು ವ್ಯಾಕರಣ ತೆಗೆದಳು. ಸ್ಕೂಲಲ್ಲಿ ಮೂರು ಸಂಧಿ ಬಾಯಿಪಾಠ ಮಾಡಿಸಿದ್ದರು, ಈಗ ಅರ್ಥವಾಯಿತು ಎಂದಳು. ಊತದ ಆಗಮ ಆಯಿತು, ಡಾಕ್ಟರ ಆದೇಶ ಆಯಿತು, ಇನ್ನು ಲೋಪ ಒಂದು ಆಗಬೇಕು. ತಮ್ಮ ನಕ್ಕ. ಅವಳೂ ನಕ್ಕಳು. ನಗುವಾಗ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಮಾತ್ರೆ ತಿಂದ ಮರುದಿನ ಹೊಟ್ಟೆ ತೊಳಸುತ್ತಿತ್ತು, ಕೂದಲು ಉದುರುತ್ತಿತ್ತು. ಆದರೂ ಕೀಲು ಅಷ್ಟಕ್ಕೇ ನಿಂತಿತ್ತು. ದಿನಕ್ಕೆ ಮೂವತ್ತು ಕಾಜ ಹೊಲಿಯುತ್ತಿದ್ದವಳು ಎಂಟು ಹೊಲಿಯುತ್ತಿದ್ದಳು. ಎಂಟೂ ಮೊದಲಿನಷ್ಟೇ ನೆಟ್ಟಗಿದ್ದವು. ಅವಳಿಗೆ ಬೇಕಾದದ್ದೂ ಅಷ್ಟೇ. ಬೆರಳಿರುವವರೆಗೆ ಸೂಜಿ, ಸೂಜಿ ಇರುವವರೆಗೆ ನಾನು ಎನ್ನುತ್ತಿದ್ದಳು.

ಅಷ್ಟರಲ್ಲಿ ಮೂವತ್ತೊಂದನೇ ಮರ ಬಂತು. ಅದರ ತೊಗಟೆಯ ಸತ್ವವನ್ನು ಗಾಜಿನ ಉದ್ದ ಕೊಳವೆಯೊಳಗೆ ಬಿಳಿ ಪುಡಿಯ ಮೇಲೆ ಸುರಿದು, ಕೆಳಗೆ ತೊಟ್ಟಿಕ್ಕಿದ್ದನ್ನು ಬಣ್ಣ ನೋಡಿ ಬೇರೆ ಬೇರೆ ಸೀಸೆಗಳಲ್ಲಿ ಹಿಡಿದರು. ಬೇರನ್ನಾಗಲಿ ತೊಗಟೆಯನ್ನಾಗಲಿ ಬೇರೆ ಬೇರೆ ಮಾಡುವುದೇ ಆ ಮೂಲೆಯ ಕೋಣೆಯವರ ಬಾಳು. ಹನ್ನೊಂದನೇ ಸೀಸೆಯ ಹಳದಿ ಅಂಟು ಇಲಿಯ ಕಾಲಿನ ಊತವನ್ನು ನಾಲ್ಕು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಅಂಥ ಅಂಕಿ ಬರೆದಿರಲಿಲ್ಲ. ಎರಡು ಸಲ ಅದ್ದಿ ನೋಡಿದ. ಮೂರೂ ಕೋಣೆಗಳ ಮುಖ್ಯಸ್ಥೆ ಮೇಡಂ ಬಂದು ನೋಡಿ ಕನ್ನಡಕ ಒರೆಸಿಕೊಂಡರು. ಅವರು ಕುಣಿಯುವುದೇ ಹಾಗೆ.

ಎದುರು ಕೋಣೆಯಲ್ಲಿ ಮಾತ್ರ ಹನ್ನೊಂದು ಏನೂ ಕಿಸಿಯಲಿಲ್ಲ. ಅಲ್ಲಿ ಇಲಿಯನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟು, ಎಷ್ಟು ಸೆಕೆಂಡಿಗೆ ಕಾಲು ನೆಕ್ಕಿಕೊಳ್ಳುತ್ತದೆ ಎಂದು ಎಣಿಸುತ್ತಾರೆ. ಮದ್ದು ಕುಡಿದ ಇಲಿ, ಕುಡಿಯದ ಇಲಿ ಎರಡೂ ಒಂದೇ ಗಳಿಗೆಗೆ ನೆಕ್ಕಿಕೊಂಡವು. ನೋವು ಬಂದು ಅದನ್ನು ಹೇಳಿದಾಗ ಊತ ಕೈ ಬೀಸಿ ಬಿಟ್ಟ. ಊತ ಇಳಿದರೆ ನೋವು ತಾನಾಗಿ ಇಳಿಯುತ್ತದೆ, ಅದಕ್ಕೆ ಬೇರೆ ಕೋಣೆ ಯಾಕೆ ಎಂದ. ನಿನ್ನ ಕೋಣೆ ನಿನಗೆ, ನನ್ನದು ನನಗೆ ಎಂದು ನೋವು ನಕ್ಕು ಹೋದ.

ಹನ್ನೊಂದರ ಉಳಿಕೆಯನ್ನು ಪ್ರತಿ ವಾರದ ಕೊನೆಗೆ ಚೆಲ್ಲಬೇಕಿತ್ತು. ಅವನು ಚೆಲ್ಲಲಿಲ್ಲ. ಇಲಿಗೆ ಇಷ್ಟಾದರೆ ಮನುಷ್ಯರಿಗೆ ಎಷ್ಟು ಎಂದು ಲೆಕ್ಕ ಹಾಕಿದ. ಅದಕ್ಕೆ ಅಕ್ಕನ ತೂಕ ಬೇಕಿತ್ತು. ಐವತ್ತೈದು ಕಿಲೋ ಇದ್ದಾಳು ಎಂದು ಅಂದಾಜಿನಲ್ಲಿ ಹಿಡಿದ. ಖಾಲಿ ಕ್ಯಾಪ್ಸೂಲುಗಳಲ್ಲಿ ತುಂಬಿ ಒಂದು ಶನಿವಾರ ಸಂಜೆ ಮನೆಗೆ ತಂದ.

ಅಕ್ಕ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ನೋಡಿದಳು. “ಇಲಿಗಳು ಏನಂದ್ವು?”

“ಚೆನ್ನಾಗಿದೆ ಅಂದ್ವು.”

“ಬದುಕಿದ್ವೋ, ಸತ್ತ ಮೇಲೆ ಅಂದ್ವೋ?”

ಬದುಕಿದ್ದವು ಎಂದ. ಅದು ನಿಜ, ಸಂಜೆಯವರೆಗೆ ಬದುಕಿದ್ದವು. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಅದನ್ನು ಈಗಲೂ ಬಾಗಿಲು ಹಾಕಿಕೊಂಡು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಹೇಳಿದ ಹಾಗೇ, ಅದೇ ಸ್ವರದಲ್ಲಿ.

“ಅಕ್ಕ, ಆಸ್ಪತ್ರೆ ಮಾತ್ರೆ ಸ್ವಲ್ಪ ದಿನ ನಿಲ್ಲಿಸು. ಎರಡೂ ತಗೊಂಡ್ರೆ ಯಾವುದ್ರಿಂದ ಇಳೀತು ಅಂತ ಗೊತ್ತಾಗಲ್ಲ. ಒಂದು ಸಲಕ್ಕೆ ಒಂದೇ ಮದ್ದು.”

ಇಲಿಗಳಿಗೆ ಅದು ಸರಿಯಾದ ಮಾತು. ಅಕ್ಕನಿಗೂ ಆ ಮಾತ್ರೆ ತಪ್ಪುವುದೆಂದರೆ ಹಬ್ಬ. ಡಬ್ಬಿಯನ್ನು ಕನ್ನಡಿಯ ಹಿಂದಕ್ಕೆ ಸರಿಸಿದಳು. ನೀನುಂಟು, ನಿನ್ನ ಮದ್ದುಂಟು, ನಿನ್ನ ಅಕ್ಕ ಉಂಟು ಎಂದಳು.

ಭಾನುವಾರ ಬೆಳಿಗ್ಗೆ ಅಳತೆ ಶುರುವಾಯಿತು. ಅಂಚು ಒಡೆದದ್ದೆಂದು ಪಕ್ಕಕ್ಕಿಟ್ಟಿದ್ದ ಮೂತಿಯ ಜಾಡಿಯೊಂದನ್ನು ತಂದಿದ್ದ. ಮೂತಿಯ ಮಟ್ಟಕ್ಕೆ ನೀರು ಹಾಕಿ, ಅಕ್ಕನ ಬಲಗೈ ಮಣಿಕಟ್ಟಿನ ಸುತ್ತ ಮಸಿ ಗೆರೆ ಎಳೆದು, ಗೆರೆಯವರೆಗೆ ಅದ್ದಿಸಿ, ಮೂತಿಯಿಂದ ಸುರಿದ ನೀರು ಎಷ್ಟು ಮಿಲಿಲೀಟರ್ ಎಂದು ಅಳೆಯುವುದು. ಚಿಕ್ಕವನಿದ್ದಾಗ ನೀನು ಪೆನ್ನಿನಲ್ಲಿ ಕೈಗೆ ಗಡಿಯಾರ ಬರೆದುಕೊಳ್ಳುತ್ತಿದ್ದೆ, ಈಗ ನನಗೆ ಬರೀ ಪಟ್ಟಿ ಕಟ್ಟಿ ಬಿಟ್ಟೆಯಲ್ಲ, ಗಂಟೆ ಎಷ್ಟು ಎಂದಳು. ಅವನು ನೀರಿನ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿದ್ದ. “ನಾನೂರ ಎರಡು” ಎಂದ.

ಮುಂದಿನ ವಾರ ಮುನ್ನೂರ ತೊಂಬತ್ತೇಳು. ಅದರ ಮುಂದಿನ ವಾರ ತೊಂಬತ್ತೈದು. ಇಳಿಯುತ್ತಾ ಬಂತು. ಒಂದೊಂದು ವಾರ ನಿಂತರೂ ಮತ್ತೆ ಇಳಿಯಿತು. ಅಕ್ಕ ಪ್ರತಿ ಭಾನುವಾರ ಎಷ್ಟು ಎಂದು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ, ಅವಳು “ನೋಡು ಮತ್ತೆ” ಎನ್ನುತ್ತಿದ್ದಳು. ಅಂಕಿ ಇಳಿದ ಭಾನುವಾರಗಳಲ್ಲಿ ಅವನು ಶಿಳ್ಳೆ ಹಾಕುತ್ತಾ ತರಕಾರಿ ಹೆಚ್ಚುತ್ತಿದ್ದ. ಶಿಳ್ಳೆ ಹಾಕುವುದನ್ನು ಕಲಿಸಿದವಳೂ ಅಕ್ಕನೇ, ದಾರ ಕಚ್ಚಿದ ಬಾಯಲ್ಲೇ.

ಎರಡನೇ ತಿಂಗಳಲ್ಲಿ ಅಕ್ಕ ದರ್ಜಿಗೆ ಸ್ವಲ್ಪ ದಿನ ಕೋಟು ಕಳಿಸಬೇಡಿ ಎಂದು ಹೇಳಿ ಕಳಿಸಿದಳು. ಮದ್ದು ಹಿಡಿಯುವವರೆಗೆ ಕೈಗೆ ವಿಶ್ರಾಂತಿ ಒಳ್ಳೆಯದೇ ಎಂದು ಅವನಿಗನ್ನಿಸಿತು. ನಾಲ್ಕನೇ ತಿಂಗಳಲ್ಲಿ ಚಮಚದಲ್ಲಿ ಉಣ್ಣತೊಡಗಿದಳು. ಬೀದಿ ಕೊನೆಯ ಪಾರ್ಲರಿಗೆ ಹೋಗಿ ಜಡೆ ಕತ್ತರಿಸಿಕೊಂಡು ಬಂದಳು, ಸೆಖೆ ಎಂದಳು. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ನಿನ್ನ ಅಡುಗೆ ತಿಂದು ನೋಡು, ನೀನೂ ಬಿಡುತ್ತೀಯ ಎಂದಳು. ಪ್ರತಿಯೊಂದಕ್ಕೂ ಒಂದು ತಮಾಷೆ ಇತ್ತು, ಅವನು ಪ್ರತಿಯೊಂದಕ್ಕೂ ನಕ್ಕ. ಏಳನೇ ತಿಂಗಳಿಗೆ ಅಂಕಿ ಮುನ್ನೂರ ನಲವತ್ತೆಂಟಕ್ಕೆ ಬಂತು. ಇಲಿಯ ಲೆಕ್ಕದಲ್ಲಿ ಅದು ಚಿನ್ನದ ಪದಕ.

ಅವನಿಗೆ ತಡೆಯಲಾಗಲಿಲ್ಲ. ಕದ್ದದ್ದಕ್ಕೆ ಬೈಸಿಕೊಂಡರೂ ಸರಿ, ಇಂಥದನ್ನು ಮುಚ್ಚಿಡುವುದು ಪಾಪ ಎಂದುಕೊಂಡು ಸೋಮವಾರ, ಭಾನುವಾರಗಳ ಅಂಕಿ ಬರೆದಿದ್ದ ನೋಟ್‌ಬುಕ್ಕನ್ನು ಮೇಡಂ ಮೇಜಿನ ಮೇಲಿಟ್ಟ. ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು, ಮತ್ತೆ ಮೊದಲಿಗೆ ಬಂದರು. ಕನ್ನಡಕ ಒರೆಸಲಿಲ್ಲ.

“ತೂಕದ ಕಾಲಮ್ ಎಲ್ಲಿ?” ಎಂದರು.

“ತೂಕ ಬರೆದಿಲ್ಲ ಮೇಡಂ.”

“ತೂಗಿಲ್ವಾ, ಬರೆದಿಲ್ವಾ?”

“ತೂಗಿಲ್ಲ. ಅಕ್ಕ ಅಲ್ವಾ ಮೇಡಂ, ಅಕ್ಕನ್ನ ಹೇಗೆ ತೂಗೋದು?”

ಮೇಡಂ ಪುಸ್ತಕ ಮುಚ್ಚಿ, ತಮ್ಮ ಕೈಯನ್ನೇ ಮೇಜಿನ ಮೇಲೆ ಚಾಚಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಉಬ್ಬನ್ನು ಒತ್ತಿ ತೋರಿಸಿದರು. ಅಕ್ಕನಿಗೆ ಇಲ್ಲಿ ಹೇಗಿದೆ ಎಂದು ಕೇಳಿದರು. ಅವನು ಪ್ರತಿ ಭಾನುವಾರ ಆ ಕೈ ಹಿಡಿದಿದ್ದ. ನೆನಪು ಮಾಡಿಕೊಂಡರೆ ಅಲ್ಲೊಂದು ಹಳ್ಳ ಬಿದ್ದಿತ್ತು, ನೀರಿನಿಂದ ತೆಗೆದಾಗ ಅದರಲ್ಲಿ ಒಂದು ಹನಿ ನಿಲ್ಲುವಷ್ಟು. ಕೈ ಹಿಂಬದಿಯಲ್ಲಿ ಎಲುಬಿನ ಸಾಲುಗಳ ನಡುವೆಯೂ ಹಾಗೇ. ಗಂಟುಗಳು ಮಾತ್ರ ಹಾಗೇ ದಪ್ಪಗಿದ್ದವು. ಅವನು ಅದನ್ನೆಲ್ಲ ನೋಡಿದ್ದ. ಅಳೆಯಲು ಮಾತ್ರ ಅವನಿಗೆ ಒಂದೇ ಅಂಕಿ ಗೊತ್ತಿತ್ತು.

“ಊತ ಇಳೀತಿಲ್ಲ ರೀ,” ಎಂದರು ಮೇಡಂ, ಮೆತ್ತಗೆ. “ಕೈ ಇಳೀತಿದೆ. ಮಾಂಸ ಹೋಗ್ತಿದೆ. ಇಲಿಯನ್ನ ನಾವು ನಾಲ್ಕು ಗಂಟೆ ಅಳೀತೀವಿ, ಏಳು ತಿಂಗಳು ಅಳೆಯಲ್ಲ.” ಆಸ್ಪತ್ರೆ ಮಾತ್ರೆ ತಗೊಳ್ತಿದ್ದಾರೆ ತಾನೇ ಎಂದು ಕೇಳಿದರು. ಅವನು ತೆರೆದ ಬಾಗಿಲಿನಾಚೆ, ತನ್ನ ಕೋಣೆಯ ಗೋಡೆಯ ಮೂರನೇ ಮಾತಿನ ಕಡೆ ನೋಡಿದ. ಅವರೂ ಅತ್ತ ನೋಡಿದರು.

ಅಂದೇ ಮಧ್ಯಾಹ್ನ ಅಕ್ಕನನ್ನು ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಚಪ್ಪಲಿ ಸಮೇತ ನಲವತ್ತೊಂದು. ಏನೋ ಪುಟ್ಟ, ಮಾರ್ಕೆಟ್ಟಿಗೆ ಹಾಕ್ತೀಯ ನನ್ನ ಎಂದಳು. ಅವನು ನಗಲಿಲ್ಲ.

ಬುಧವಾರ ಆಸ್ಪತ್ರೆ. ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತ ಮೇಲೆ ಒಳಗೆ ಕರೆದರು. ಡಾಕ್ಟರು ಚಿಕ್ಕ ವಯಸ್ಸಿನವರು, ಮರ್ಯಾದೆಯ ಮಾತು. ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಹಳೆಯದನ್ನು ಪಕ್ಕದಲ್ಲಿಟ್ಟರು. ಹಳೆಯದರಲ್ಲಿ ಬೆರಳಿನ ಎಲುಬುಗಳ ನಡುವೆ ತೆಳು ಕಪ್ಪು ಸಂದುಗಳಿದ್ದವು. ಹೊಸದರಲ್ಲಿ ಸಂದು ಮುಚ್ಚಿಹೋಗಿ, ಅಂಚುಗಳನ್ನು ಯಾರೋ ಕಡಿದು ತಿಂದಂತಿತ್ತು. ಈ ಏಳು ತಿಂಗಳು ಯಾವ ಮಾತ್ರೆ ಎಂದು ಕೇಳಿದಾಗ ಅಕ್ಕ ಬೇಗನೆ, ನನಗೆ ವಾಂತಿ ಆಗುತ್ತಿತ್ತು, ನಾನೇ ಬಿಟ್ಟೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ಎಂದಳು. ಅವನು ಬಾಯಿ ತೆರೆದ. ಅಕ್ಕ ಮೇಜಿನ ಕೆಳಗೆ ಅವನ ಕಾಲು ತುಳಿದಳು.

ಡಾಕ್ಟರು ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಅದರಿಂದ ಮಂಡಿ, ಪಾದ, ಕತ್ತು ಉಳಿದಾವು ಎಂದರು. ಕೈಗಳದ್ದು ಹೇಳುವಾಗ ಎಕ್ಸ್‌ರೇಯ ಕಡೆಗೇ ತಿರುಗಿ, “ಅದು ಕೈ ಮೀರಿ ಹೋಗಿದೆ ಅಮ್ಮ” ಎಂದರು.

ಅಕ್ಕ ಒಂದು ಗಳಿಗೆ ಯೋಚಿಸಿದಳು. “ಕೈಯೇ ಕೈ ಮೀರಿ ಹೋಯ್ತಾ ಡಾಕ್ಟ್ರೆ?” ಎಂದಳು. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸೂಜಿ ಹಿಡಿಯುವುದಕ್ಕಾಗುತ್ತದಾ, ದಿನಕ್ಕೆ ಒಂದೋ ಎರಡೋ ಸಾಕು ಎಂದು ಕೇಳಿದಳು. ಇಲ್ಲ ಎಂದರು. ಮುಂದೆಯಾದರೂ ಎಂದಳು. ಅವರು ಚೀಟಿ ಬರೆಯುತ್ತಾ ತಲೆಯಾಡಿಸಿದರು, ಅಡ್ಡಕ್ಕೆ.

ಬಸ್ಸಿಳಿದು ಮನೆಯವರೆಗೆ ಅರ್ಧ ಮೈಲಿ. ಅಕ್ಕ ಬೀದಿಯ ಒಳಬದಿಗೆ, ಅವನು ವಾಹನಗಳ ಬದಿಗೆ. ಬ್ಯಾಂಕಿನ ಗೋಡೆ ದಾಟಿದ ಮೇಲೆ ಅವನು, ನಾನು ಮಾಡಿದ್ದು, ನಾನು ಮಾಡಿದ್ದು ಅಕ್ಕ ಎಂದು ಎರಡು ಸಲ ಹೇಳಿದ. ಅಲ್ಲ ಎನ್ನಲಿಲ್ಲ ಅವಳು. ಅವಳು ಸುಳ್ಳು ಹೇಳುವುದು ಡಾಕ್ಟರ ಹತ್ತಿರ ಮಾತ್ರ.

“ಮೂರನೇ ತಿಂಗಳಲ್ಲೇ ಗೊತ್ತಾಯ್ತು ನಂಗೆ,” ಎಂದಳು. “ರಾತ್ರಿ ಹೊದಿಕೆ ತಾಗಿದ್ರೆ ಜೀವ ಹೋಗ್ತಿತ್ತು.”

“ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ವಲ್ಲೋ. ಎಷ್ಟು ಅಂತ ನಾನು ಕೇಳ್ತಿದ್ದೆ, ನೀನು ಹೇಳ್ತಿದ್ದೆ. ಏಳು ತಿಂಗಳಲ್ಲಿ ಒಂದಿನ, ನೋವು ಕಡಿಮೆ ಆಯ್ತಾ ಅಂತ ನೀನು ಕೇಳಿದ್ಯಾ?”

ಅವನು ನೆನಪು ಮಾಡಿಕೊಂಡ. ಬಗ್ಗಿ ನೀರು ನೋಡಿದ್ದು ನೆನಪಾಯಿತು, ಮಸಿ ಒಣಗಲಿ ಎಂದು ಊದಿದ್ದು ನೆನಪಾಯಿತು. ಕೇಳಿದ್ದು ನೆನಪಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರನ್ನೂ ಅದನ್ನು ಕೇಳಿರಲಿಲ್ಲ. ಕೇಳುವ ಕೋಣೆ ಎದುರಿಗಿತ್ತು.

“ಇಲಿಗೆ ಬಾಯಿಲ್ಲ ಸರಿ,” ಎಂದಳು ಅಕ್ಕ. “ನಂಗಿತ್ತು. ಆದ್ರೆ ನೀನು ಶಿಳ್ಳೆ ಹಾಕ್ತಿದ್ದೆ. ಮೂವತ್ತು ಮರ ನೋಡಿ ಸುಸ್ತಾದೋನು. ಇವತ್ತಿನ್ನೊಂದು ದಿನ ಹಾಕಲಿ, ಮುಂದಿನ ವಾರ ಹೇಳಿದ್ರಾಯ್ತು ಅಂತ ಬಿಟ್ಟೆ. ಅಷ್ಟರಲ್ಲಿ ಮುಂದಿನ ವಾರಗಳೆಲ್ಲ ಮುಗಿದ್ವು.”

ಒಂದು ಲಾರಿ ಹೋಗುವವರೆಗೆ ಇಬ್ಬರೂ ನಿಂತರು. ಧೂಳು ಇಳಿದ ಮೇಲೆ ಅವನು ಅವಳ ಮುಖ ನೋಡಿ ಕೇಳಿದ. “ಈಗ ನೋಯ್ತಿದೆಯಾ ಅಕ್ಕ?”

“ನೋಯ್ತಿದೆ,” ಎಂದಳು.

“ಎಲ್ಲಿ?”

ಅವಳು ಬಲಗೈ ಹೆಬ್ಬೆರಳಿನ ಬುಡದಿಂದ ಶುರು ಮಾಡಿದಳು. ಅಲ್ಲಿ ಬೆಳಿಗ್ಗೆ ಹೇಗೆ, ಮಧ್ಯಾಹ್ನ ಹೇಗೆ. ತೋರುಬೆರಳಿನ ಎರಡನೇ ಗೆಣ್ಣಿನದು ಬೇರೆ ಜಾತಿ, ಸೂಜಿ ಮುರಿದು ಒಳಗೆ ಉಳಿದ ಹಾಗೆ. ಮಧ್ಯದ್ದು ಸದ್ಯಕ್ಕೆ ಮರಗಟ್ಟಿದೆ, ಆದರೆ ತಣ್ಣೀರು ತಾಗಿದರೆ ಎಚ್ಚರವಾಗುತ್ತದೆ. ಭಾನುವಾರ ಜಾಡಿಯಲ್ಲಿಟ್ಟಾಗ ಅದೇ ಎಲ್ಲದಕ್ಕಿಂತ ಹೆಚ್ಚು. ಬಟ್ಟೆಗೆ ಅಳತೆ ಹೇಳುವವಳಂತೆ ಒಂದೊಂದನ್ನೇ, ನಿಧಾನವಾಗಿ, ಏನೂ ಹೆಚ್ಚಿಸದೆ ಹೇಳುತ್ತಾ ಹೋದಳು. ಅವನು ಅವಳ ನಡಿಗೆಗೆ ತನ್ನದನ್ನು ತಗ್ಗಿಸಿಕೊಂಡು ಪಕ್ಕದಲ್ಲಿ ನಡೆದ. ಅವನ ಹತ್ತಿರ ಬರೆಯಲು ಏನೂ ಇರಲಿಲ್ಲ, ಕೊಡಲು ಏನೂ ಇರಲಿಲ್ಲ. ಹೂಂ ಎಂದ, ಮತ್ತೆ ಹೂಂ ಎಂದ.

ಮೆಟ್ಟಿಲ ಬುಡಕ್ಕೆ ಬಂದಾಗ ಅವಳು ಮಣಿಕಟ್ಟಿಗೆ ಬಂದಿದ್ದಳು. ಕಂಬಿ ಹಿಡಿಯಲು ಹೋಗಿ, ಬಿಟ್ಟು, ಮೊಣಕೈಯನ್ನು ಅದಕ್ಕೆ ಆನಿಸಿ ಉಸಿರು ತೆಗೆದುಕೊಂಡಳು.

“ಮೇಲೆ ಹೋಗಿ ಹೇಳ್ತೀನಿ ನಡಿ,” ಎಂದಳು. “ಎಡಗೈ ಇನ್ನೂ ಶುರುವೇ ಮಾಡಿಲ್ಲ.”